ವಿಮಾನದ ‘ಸ್ಟಾಲ್’ಗೆ ಕನ್ನಡದಾಗ ಏನಂತೀರಿ?

ಎಲ್ಲಾರಿಗೂ ನಮಸ್ಕಾರ್ರಿ, ಒಂದು ಪದ ಬೇಕಾಗೈತಿ. ನಮ್ಮಣ್ಣನ ಮಗ ಪೈಲಟ್ ಟ್ರೇನಿಂಗಿಗೆ ಅಂತ ಬಾರಾಮತಿಗೆ ಹೋಗ್ಯಾನ, ಮೊನ್ನೆ ಫೋನ್ ಹಚ್ಚಿ ‘ಇವತ್ತು ಸ್ಟಾಲ್ ಮಾಡ್ಸಿದ್ರು ಅಜ್ಜಿ’ ಅಂದ. ನಮ್ಮವ್ವ ಕೊಪ್ಪಳದಾಕಿ, ಸ್ಟಾಲ್ ಅಂದ್ರ ಆಕಿಗೆ ಗವಿಮಠದ ಜಾತ್ರ್ಯಾಗಿನ ಅಂಗಡಿ ಅಷ್ಟ, ‘ಏನ್ ಮಾರಾಕ ಇಟ್ಟಿದ್ರೋ?’ ಅಂತ ಕೇಳೇಬಿಟ್ಲು. ನಾನು ಶಾಣ್ಯಾನಂಗ ನಡುವ ಬಾಯಿ ಹಾಕಿ ‘ಅಲ್ಲಬೇ, ಎಂಜಿನ್ ಬಂದ್ ಬೀಳೋದು’ ಅಂದೆ. ಹುಡುಗ ನನಗೂ ನಕ್ಕ.

ಅವ ಹೇಳಿದ್ದು ಹಿಂಗೈತಿ ನೋಡ್ರಿ. ಎಂಜಿನ್ನಿಗೂ ಇದಕ್ಕೂ ಸಂಬಂಧಿಲ್ಲ, ಅದು ಗುರ್ ಅಂತಿದ್ರೂ ಸ್ಟಾಲ್ ಆಗ್ತೈತಿ. ಎದುರಿನ ಗಾಳಿಗೆ ರೆಕ್ಕೆ ಹಿಡಿದ ಕೋನ ಸುಮಾರು 15-16 ಡಿಗ್ರಿ ದಾಟಿದ್ರ ರೆಕ್ಕೆ ಮ್ಯಾಲ ಅಂಟ್ಕೊಂಡು ಹರಿಯೋ ಗಾಳಿ ಕಿತ್ಕೊಂಡು ಹೋಗ್ತೈತಿ, ಎತ್ತೋ ಬಲ ಕುಸಿದುಬಿಡ್ತೈತಿ. ಸೆಸ್ನಾ 172 ಅನ್ನೋ ಸಣ್ಣ ವಿಮಾನದಾಗ ಅದಕ್ಕಿಂತ ಮೊದ್ಲ ಎಡ ರೆಕ್ಕಿಯೊಳಗಿಂದ ಪೀಪಿ ಊದಿದಂಗ ಸಪ್ಪಳ ಬರ್ತೈತಂತ (ಜಾತ್ರಿ ಅಂದ ಅವ್ವನೂ ಪೂರ್ತಿ ತಪ್ಪಲ್ಲ). ಆವಾಗ ಮೂಗು ಎತ್ತಬೇಕು ಅಂತ ಕೈ ತುಡೀತೈತಿ, ಆದ್ರ ಮಾಡ್ಬೇಕಾದ್ದು ಉಲ್ಟಾ, ಜಗ್ಗಿ ಹಿಡಿದ ಯೋಕ್ (ಮೂಗು ಎತ್ತಿ ಇಳಿಸೋ ಹಿಡಿಕಿ) ಮುಂದಕ್ಕ ಬಿಟ್ಟು ಮೂಗು ತಗ್ಗಿಸಿ ಆಮ್ಯಾಲ ಥ್ರಾಟಲ್ ಕೊಟ್ಟು ಎಂಜಿನ್ ಜೋರು ಮಾಡಬೇಕು. ಯೋಕಿಗೆ ನೊಗ ಅಂದ್ರ ಪೈಲಟ್ ಎತ್ತು ಆಗ್ತಾನ, ಅದನ್ನ ಬ್ಯಾರೆ ದಿನ ಕೇಳ್ತೀನಿ.

ಈಗ ಪದಕ್ಕ ಬರೋಣ. ಗೆಳೆಯರೊಬ್ರು ‘ಸ್ಥಗಿತ’ ಸಾಕು ಅಂದ್ರು. ನನಗ ಒಪ್ಪಲಿಲ್ಲ, ಇಲ್ಲಿ ಯಾವ್ದೂ ನಿಲ್ಲಂಗಿಲ್ಲ, ವಿಮಾನ ಮುಂದ ಹೊಂಟೇ ಇರ್ತೈತಿ. ಗಾಳಿಪಟದ ‘ಗೋತಾ’ ನೆನಪಾತು, ಆದ್ರ ಗೋತಾ ಅಂದ್ರ ಮೂಗು ಕೆಳಗ ಮಾಡಿ ಧುಮುಕೋದು, ಅದು ಸ್ಟಾಲ್ ಆದಮ್ಯಾಲಿನ ಮಾತು.

ಇಷ್ಟೆಲ್ಲಾ ಕೇಳಿ ನಮ್ಮವ್ವ ‘ಅಂದ್ರ ರೆಕ್ಕಿ ಸೋತ್ವು ಅನ್ನು ಮತ್ತ’ ಅಂದ್ಲು. ಕೈ ಸೋತ್ವು, ಕಾಲು ಸೋತ್ವು ಅಂತೀವಲ್ರಿ, ಕೈ ಕಾಲು ಇದ್ದಲ್ಲೇ ಇರ್ತಾವ, ಕಸುವು ಹೋಗಿರ್ತೈತಿ. ನನಗ ಇದು ಭಾಳ ಹಿಡಿಸ್ತು, ‘ರೆಕ್ಕೆಸೋಲು’ ಅಂತ ಒಂದೇ ಪದ ಮಾಡಿ ಹುಡುಗಗ ಕಳಿಸಿದೆ.

ಅವ ತಕರಾರು ತೆಗದ. ಸೋಲೋದು ಅಂದ್ರ ದಣಿದು ನಿಧಾನ ಆದಂಗ ಕೇಳಿಸ್ತೈತಿ ಕಾಕಾ, ಆದ್ರ ಸ್ಟಾಲ್ ಎಷ್ಟು ಸ್ಪೀಡ್ ಇದ್ರೂ ಆಗಬಹುದು, ಸೀದಾ ಹೊಂಟಾಗ 48 ನಾಟ್ (ವಿಮಾನದ ವೇಗದ ಅಳತಿ) ಸ್ಪೀಡಿಗೆ ಸ್ಟಾಲ್ ಆಗೋದು, 60 ಡಿಗ್ರಿ ವಾಲಿಸಿ ಅದೇ ಎತ್ತರದಾಗ ತಿರುಗಿದ್ರ 68ರ ಸುಮಾರಿಗೇ ಆಗ್ತೈತಿ ಅಂದ. ಮಾತು ಖರೇನ. ಆದ್ರ ಕುಸ್ತಿಯಾಗ ದಣಿಯದ ಪೈಲ್ವಾನನೂ ಒಂದು ಪಟ್ಟಿಗೆ ಸೋಲ್ತಾನಲ್ರಿ?

ನಿಮಗ ‘ರೆಕ್ಕೆಸೋಲು’ ಹೆಂಗ ಅನಸ್ತೈತಿ? ಸ್ಟಾಲ್ ಆಗಿ ಸುತ್ತಕೋತ ಬೀಳೋ ಸ್ಪಿನ್ನಿಗೆ ನಾನು ‘ಗಿರಕಿ’ ಅಂತ ಇಟ್ಕೊಂಡೀನಿ, ಬಳ್ಳಾರಿ ರಾಯಚೂರು ಕಡೆಯವ್ರು ಬ್ಯಾರೆ ಏನರ ಅಂತಿದ್ರ ಹೇಳ್ರಿ.