2017ರ ಕೆಪಿಎಂಇ (ಕರ್ನಾಟಕದ ಖಾಸಗಿ ದವಾಖಾನಿ ಕಾಯ್ದೆ) ತಿದ್ದುಪಡಿ: ಸರ್ಕಾರ ಬಗ್ಗಿದ್ದು ಸರಿ ಇತ್ತೇನ್ರಿ?

ಗದಗಿನಾಂವ:
ನಿನ್ನೆ ಕಟ್ಟಿ ಮ್ಯಾಲೆ ಇದ ಜಗಳ. ರಮೇಶ್ ಕುಮಾರ್ ಆರೋಗ್ಯ ಮಂತ್ರಿ ಇದ್ದಾಗ ತಂದ ಮೊದಲಿನ ಬಿಲ್‌ನಾಗ ಖಾಸಗಿ ದವಾಖಾನಿ ರೇಟ್ ಸರ್ಕಾರನ ಫಿಕ್ಸ್ ಮಾಡೂದು, ಜಾಸ್ತಿ ವಸೂಲಿ ಮಾಡಿದ್ರ ಜೈಲು, ಎಲ್ಲಾ ಇತ್ತು. ನವೆಂಬರ್‌ನಾಗ ಡಾಕ್ಟರ್ ಮಂದಿ ಓಪಿಡಿ ಬಂದ್ ಮಾಡಿದ್ರು, ಬೆಳಗಾವಿ ಅಧಿವೇಶನದ ಮುಂದ ಹೋಗಿ ಕುಂತ್ರು, ಕಡೀಕ ಪಾಸ್ ಆಗಿದ್ದ್ರಾಗ ಜಾಸ್ತಿ ವಸೂಲಿಗೆ ಜೈಲು ಅನ್ನೂದು ಹೋತು, ರೇಟ್ ಕಂಟ್ರೋಲು ಸರ್ಕಾರಿ ಸ್ಕೀಮಿಗಷ್ಟ ಉಳೀತು. ನಮ್ಮ ದೋಸ್ತ ಅಂತಾನ, ಹಂಗ ಬಗ್ಗೂ ಬದ್ಲಿ ಪೂರಾ ಬಿಲ್ ಹಿಡ್ಕೊಂಡ 2018ರ ಚುನಾವಣೆಗೆ ಹೋಗಬೇಕಿತ್ತಂತ. ಏನಂತೀರಿ?

ಕೇಶ್ವಾಪುರ:
ದೋಸ್ತಗ ಹೇಳ್ರಿ, ಚುನಾವಣೆ ಆದಮ್ಯಾಲೆ ಯಾರ ಸರ್ಕಾರ ಬರ್ತದಂತ ಯಾರಿಗೆ ಗೊತ್ತಿತ್ತು? ನಮ್ಮ ಸೋದರಮಾವ ಇಲ್ಲೇ ಒಂದು ಪ್ರೈವೇಟ್ ದವಾಖಾನ್ಯಾಗ ತೀರ್ಕೊಂಡಾಗ ಬಾಕಿ ಕಟ್ಟಿ ಬಾಡಿ ಒಯ್ರಿ ಅಂದ್ರು. ನಮ್ಮ ತಮ್ಮ ಮೊಬೈಲ್‌ನಾಗ ಆ ಕಾಯ್ದೆ ತಗದು ಬಿಲ್ಲಿಂಗ್ ಕೌಂಟರ್‌ನಾಂವನ ಮುಂದ ಹಿಡಿದ, ಬಾಕಿ ಇದ್ರೂ ಬಾಡಿ ತಡೀಬಾರ್ದು, ರೊಕ್ಕ ಆಮೇಲೆ ಕೇಳ್ರಿ ಅಂತ ಅದ್ರಾಗ ಐತಿ. ಒಳಗ ಫೋನ್ ಮಾಡಿದ್ರು, ಬಿಟ್ರು. ಆ ಕಲಂ ಬಂದಿದ್ದು ಇದ ಬಗ್ಗಿದ ಬಿಲ್‌ನಾಗ ರೀ.

ಹಾನಗಲ್ ಸಿಸ್ಟರ್:
ಕೇಶ್ವಾಪುರದವ್ರ, ಅದು ಸತ್ತಮ್ಯಾಲಿನ ಮಾತಾತು, ಬದುಕಿದ್ದಾಗಿನ ಬಿಲ್ ಏನ್ ಮಾಡೂದು? ನಾ ಕೆಲಸ ಮಾಡೂ ಕಡೆ ರೇಟ್ ಬೋರ್ಡ್ ಹಚ್ಚ್ಯಾರ, ಕಾಯ್ದೆ ಐತಲ್ಲ, ಆದ್ರ ವಾಟರ್ ಫಿಲ್ಟರ್ ಹಿಂದ ಹಚ್ಚ್ಯಾರ. ಐಸಿಯು ದಿನಕ್ಕ ಇಷ್ಟು ಅಂತ ಒಂದು ಸಾಲು, ಗ್ಲೌಸು, ಸಿರಿಂಜು, ಮಾನಿಟರ್ ಬ್ಯಾರೆ ಬ್ಯಾರೆ ಹತ್ತತಾವ, ಅವು ಬೋರ್ಡ್ ಮ್ಯಾಲೆ ಇಲ್ಲ. ರೇಟ್ ಕಲಂ ಹೋತಂದ್ರ ಕಾಯ್ದೆ ಹಲ್ಲು ಕಿತ್ತಂಗ. ಮತ್ತ ಡಾಕ್ಟರ್ ಎಲ್ಲಾರೂ ಕೆಟ್ಟವ್ರಂತ ಅಲ್ಲ, ಊರಾಗಿನ ಸಣ್ಣ ಕ್ಲಿನಿಕ್‌ನವ್ರಿಗೆ ಜೈಲಿನ ಅಂಜಿಕಿ ಖರೇನ ಇತ್ತು.

ಸಪ್ತಾಪುರ ಬಾವಿ:
ಅಮೆರಿಕಾದಾಗೂ ಇದ ಆಗೇತಿ. 1971ರಾಗ ಅಧ್ಯಕ್ಷ ನಿಕ್ಸನ್, ಕಂಪನಿಗಳು ನೌಕರರಿಗೆ ಆರೋಗ್ಯ ಇನ್ಶೂರೆನ್ಸ್ ಕೊಡಬೇಕು ಅನ್ನೂ ಪ್ಲಾನ್ ತಂದ, ವಿರೋಧ ಪಕ್ಷದ ಸೆನೆಟರ್ ಟೆಡ್ ಕೆನಡಿ ಎಲ್ಲಾರಿಗೂ ಸರ್ಕಾರನ ಕೊಡ್ಲಿ ಅಂತ ಒಪ್ಪಲಿಲ್ಲ. ಎರಡೂ ಬರಲಿಲ್ಲ. ಆಮೇಲೆ ಕೆನಡಿನ ಅದಕ್ಕ ಮರುಗಿದ. 2010ರಾಗ ಒಬಾಮಾ ಸರ್ಕಾರಿ ಇನ್ಶೂರೆನ್ಸ್ ಅನ್ನೂದನ್ನ ಬಿಟ್ಟುಕೊಟ್ಟು ಕಾಯ್ದೆ ಪಾಸ್ ಮಾಡಿಸ್ಕೊಂಡ. ನನ್ನ ಕೇಳಿದ್ರ ನಮ್ಮಲ್ಲಿ ಬಗ್ಗಿದ್ದು ತಪ್ಪಲ್ಲ, ಬಿಟ್ಟಿದ್ದನ್ನ ತರಾಕ ಆಮೇಲೆ ಬಂದ ಯಾವ ಸರ್ಕಾರನೂ ಹಟ ಹಿಡೀಲಿಲ್ಲ, ತಪ್ಪು ಅಲ್ಲೈತಿ.

ಗದಗಿನಾಂವ:
ಸಿಸ್ಟರ್, ಇದ ಕಾಯ್ದೆದಾಗ ಕಂಪ್ಲೇಂಟ್ ಕೇಳಾಕ ಡಿಸಿ ಅಧ್ಯಕ್ಷತೆ ಕಮಿಟಿ ಐತಲ್ಲ, ನಿಮ್ಮ ಕಡೆ ಪೇಷಂಟ್ ಮಂದಿ ಅಲ್ಲಿಗೆ ಕಂಪ್ಲೇಂಟ್ ಒಯ್ತಾರೇನು?

ಹಾನಗಲ್ ಸಿಸ್ಟರ್:
ಹಂತಾದೊಂದು ಐತಂತನ ಅವ್ರಿಗೆ ಗೊತ್ತಿಲ್ರಿ. ನಾ ಹೇಳಿದ್ರ ನನ್ನ ಡ್ಯೂಟಿ ನೈಟಿಗೆ ಹಾಕ್ತಾರ.