ಅಪ್‌ಡೇಟ್: ಅಮ್ಮನ ವಿಟಮಿನ್ ಡಿ 11 ಇತ್ತಲ್ಲ, ಅದರ ಕಥೆ

ಅಮ್ಮನಿಗೆ ಸಾರ್ಕಾಯ್ಡೋಸಿಸ್ (ಶ್ವಾಸಕೋಶದಂಥ ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ಕಾಯಿಲೆ) ಇದೆ, ವಿಟಮಿನ್ ಡಿ 11 ಬಂದಿದೆ, ಅಂದರೆ ಕಡಿಮೆ, ವಾರಕ್ಕೊಂದು 60,000 ಯೂನಿಟ್ ಪುಡಿ ಕೊಡಬಹುದಾ ಅಂತ ಕೇಳಿದ್ದೆನಲ್ಲ. ಕೊಡಲಿಲ್ಲ, ಸದ್ಯ! ಡಾಕ್ಟರು ಮೊದಲು ಕ್ಯಾಲ್ಸಿಯಂ ನೋಡೋಣ ಅಂದರು. 11.2 ಇತ್ತು, ಜಾಸ್ತಿಯೇ. ಆಮೇಲೆ 1,25 ಡೈಹೈಡ್ರಾಕ್ಸಿ ಅನ್ನೋ ಇನ್ನೊಂದು ಟೆಸ್ಟ್ (ಜೇಬಿಗೆ ಭಾರ), ಮೈಯಲ್ಲಿ ಕೆಲಸ ಮಾಡುವ ವಿಟಮಿನ್ ಡಿ ಎಷ್ಟಿದೆ ಅಂತ ನೋಡೋದು, ಅದೂ ಜಾಸ್ತಿ ಬಂತು. ನಾವು ಮೊದಲು ಮಾಡಿಸಿದ್ದು 25 ಹೈಡ್ರಾಕ್ಸಿ, ಅದು ಬರೀ ದಾಸ್ತಾನು ಎಷ್ಟಿದೆ ಅಂತ ಹೇಳುತ್ತೆ. ಈ ಕಾಯಿಲೆಯಲ್ಲಿ ಗಂಟುಗಳೊಳಗಿನ ಜೀವಕೋಶಗಳು ಯಾವ ಹಿಡಿತವೂ ಇಲ್ಲದೆ ಆ ದಾಸ್ತಾನನ್ನು ಕೆಲಸ ಮಾಡುವ ವಿಟಮಿನ್ ಆಗಿ ಬದಲಿಸುತ್ತಲೇ ಇರುತ್ತವೆ, ಅದಕ್ಕೇ ಒಂದು ಕಡಿಮೆ, ಇನ್ನೊಂದು ಜಾಸ್ತಿ. ಕ್ಯಾಲ್ಸಿಯಂ ಏರೋದೂ ಇದರಿಂದಲೇ, ಪುಡಿ ಕೊಟ್ಟಿದ್ದರೆ ಇನ್ನೂ ಏರಬಹುದಿತ್ತು. ಮುಂದಿನ ತಿಂಗಳು ಮತ್ತೆ ಕ್ಯಾಲ್ಸಿಯಂ ನೋಡಿಸಬೇಕು. ಬಿಸಿಲಲ್ಲೂ ಜಾಸ್ತಿ ಕೂರಬೇಡಿ ಅಂದಿದ್ದಾರೆ. ಹಾಗಾದ್ರೆ ಹಪ್ಪಳ ಕಾಯೋರು ಯಾರು ಅಂತ ಅಮ್ಮನಿಗೆ ಬೇಜಾರು.