ಪಕ್ಕದ ಊರಿನ ಜೊತೆ ಸ್ಕೂಲ್ ಬಸ್ ಹಂಚಿಕೊಳ್ಳುತ್ತಾರಂತೆ, ನಿಮ್ಮ ಕಡೆ ಹೇಗಿದೆ?

ಪುಟ್ಟಿಅಮ್ಮ_ಎನ್‌ಜೆ
ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯ ಒಂದು ಚಿಕ್ಕ ಊರಿನಲ್ಲಿ. ಮುಂದಿನ ಸೆಪ್ಟೆಂಬರ್‌ನಿಂದ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನವರು (ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವವರು) ಪಕ್ಕದ ಡಿಸ್ಟ್ರಿಕ್ಟ್ ಜೊತೆ ಸೇರಿ ಬಸ್ ಓಡಿಸುವ ಮಾತಾಡುತ್ತಿದ್ದಾರೆ. ಇದಕ್ಕೆ ಇಲ್ಲಿ ಜಾಯಿಂಚರ್ ಅನ್ನುತ್ತಾರೆ. ಬಸ್ಸು ಅವರದು, ನಮ್ಮ ಮಕ್ಕಳೂ ಅದರಲ್ಲೇ ಹತ್ತುವುದು, ನಮ್ಮ ಪಾಲಿನ ದುಡ್ಡು ನಾವು ಕೊಡುವುದು. ಖರ್ಚು ಉಳಿದರೆ ಒಳ್ಳೆಯದೇ. ಆದರೆ ನನ್ನ ಮಗಳು ಕಿಂಡರ್‌ಗಾರ್ಟನ್. ಈಗ ಎಂಟೂ ಇಪ್ಪತ್ತಕ್ಕೆ ಮನೆ ಮುಂದಿನ ತಿರುವಿನಲ್ಲಿ ಹತ್ತುತ್ತಾಳೆ. ಇನ್ನು ಮೇಲೆ ಏಳಕ್ಕೇ ಬರಬಹುದು ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಜನವರಿಯಲ್ಲಿ ಏಳು ಗಂಟೆಗೆ ಇಲ್ಲಿ ಇನ್ನೂ ಸೂರ್ಯನೇ ಹುಟ್ಟಿರುವುದಿಲ್ಲ, ಆ ಚಳಿಯಲ್ಲಿ ಐದು ವರ್ಷದ ಮಗುವನ್ನು ಕತ್ತಲಲ್ಲಿ ನಿಲ್ಲಿಸುವುದು ಅಂದರೆ ನನಗೆ ಸಂಕಟವಾಗುತ್ತದೆ. ಇದನ್ನು ನೋಡಿದವರು ದಯವಿಟ್ಟು ಹೇಳಿ.

ಹಳದಿಬಸ್
ನಮಸ್ಕಾರ ಮೇಡಂ. ನಾನು ಇದೇ ರಾಜ್ಯದಲ್ಲಿ ನಾಲ್ಕು ವರ್ಷದಿಂದ ಸ್ಕೂಲ್ ಬಸ್ ಓಡಿಸುತ್ತೇನೆ. ನಿಮ್ಮ ಭಯ ಸುಮ್ನೆ ಅಲ್ಲ. ಒಂದೇ ಬಸ್ಸು ಬೆಳಿಗ್ಗೆ ಎರಡು ಮೂರು ಟ್ರಿಪ್ ಹೊಡೆಯುತ್ತದೆ. ಎಷ್ಟೋ ಕಡೆ ಮೊದಲು ಹೈಸ್ಕೂಲ್, ಆಮೇಲೆ ಮಿಡ್ಲ್ ಸ್ಕೂಲ್, ಕೊನೆಗೆ ಚಿಕ್ಕವರು. ಎರಡು ಊರು ಸೇರಿದಾಗ ಈ ಟ್ರಿಪ್‌ಗಳು ಒಂದರ ಹಿಂದೆ ಒಂದು ಕೂರಬೇಕು, ಅದಕ್ಕೆ ಯಾವುದಾದರೂ ಒಂದು ಶಾಲೆಯ ಬೆಲ್ ಟೈಮ್ ಜರುಗಿಸುತ್ತಾರೆ. ಆ ಒಂದು ಶಾಲೆ ನಿಮ್ಮದಾ ಅಂತ ಮೊದಲು ಕೇಳಿ.

ಡಿಸ್ಟ್ರಿಕ್ಟ್‌ನವರ ಕಷ್ಟವೂ ನಿಜ. ಡ್ರೈವರ್‌ಗಳು ಸಿಗುವುದಿಲ್ಲ. ಕಮರ್ಷಿಯಲ್ ಲೈಸೆನ್ಸ್ ಬೇಕು, ಅದರ ಮೇಲೆ ಜನರನ್ನು ಸಾಗಿಸುವುದಕ್ಕೆ ಒಂದು, ಸ್ಕೂಲ್ ಬಸ್‌ಗೆ ಇನ್ನೊಂದು ಅನುಮತಿ ಬೇಕು, ಕೆಲಸ ನೋಡಿದರೆ ಬೆಳಿಗ್ಗೆ ಮೂರು ತಾಸು, ಮಧ್ಯಾಹ್ನ ಮೂರು ತಾಸು ಅಷ್ಟೇ. 2021ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಡ್ರೈವರ್‌ಗಳಿಲ್ಲದೆ ಗವರ್ನರ್ ನ್ಯಾಷನಲ್ ಗಾರ್ಡ್‌ನವರನ್ನೇ (ಮೀಸಲು ಸೈನಿಕರನ್ನು) ಮಕ್ಕಳ ವ್ಯಾನ್ ಓಡಿಸುವುದಕ್ಕೆ ಕರೆಸಿದ್ದರು.

ಇನ್ನೊಂದು. ರೂಟ್‌ಗೆ ಖಾಯಂ ಡ್ರೈವರ್ ಇರುತ್ತಾರಾ ಅಂತಲೂ ಕೇಳಿ. ಪ್ರತಿ ಟ್ರಿಪ್ ಮುಗಿದ ಮೇಲೆ ನಾನು ಕೊನೇ ಸೀಟಿನವರೆಗೆ ನಡೆದು ಯಾವ ಮಗುವಾದರೂ ನಿದ್ದೆ ಹೋಗಿದೆಯಾ ನೋಡುತ್ತೇನೆ. ಒಂಟಿ ಗ್ಲೌಸ್ ಸಿಕ್ಕರೆ ಅದು ಯಾರದು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ದಿನಕ್ಕೊಬ್ಬ ಡ್ರೈವರ್ ಬಂದರೆ ಅದೆಲ್ಲಾ ಹೋಗುತ್ತದೆ.

ವಿಹಾನ್‌ತಾಯಿ
ನಾನು ಇನ್ನೊಂದು ಕಡೆ ಹೇಳಬೇಕು. ನನ್ನ ಮಗನಿಗೆ ಆಟಿಸಂ. ಬೇರೆ ಕೌಂಟಿಯ ವಿಶೇಷ ಶಾಲೆಗೆ ಹೋಗುತ್ತಾನೆ. ಮೊದಲು ಒಂದು ವ್ಯಾನಿನಲ್ಲಿ ಡ್ರೈವರ್, ಒಬ್ಬ ಸಹಾಯಕಿ, ಇವನೊಬ್ಬ. ಶಾಲೆಯ ಗೇಟಿನಲ್ಲಿ ನೋಡಿದರೆ ನಾಲ್ಕು ಊರಿನಿಂದ ನಾಲ್ಕು ವ್ಯಾನ್, ಒಂದೊಂದರಿಂದ ಒಂದೊಂದು ಮಗು ಇಳಿಯುವುದು. ಈಗ ಎಜುಕೇಷನಲ್ ಸರ್ವಿಸಸ್ ಕಮಿಷನ್ (ಹಲವು ಡಿಸ್ಟ್ರಿಕ್ಟ್‌ಗಳಿಗೆ ಒಟ್ಟಾಗಿ ಸೇವೆ ಕೊಡುವ ಸರ್ಕಾರಿ ಸಂಸ್ಥೆ) ಮೂಲಕ ಮೂರು ಊರಿನವರು ಒಂದೇ ವ್ಯಾನ್ ಮಾಡಿದ್ದಾರೆ, ಖರ್ಚನ್ನು ಮೂರು ಊರಿನವರೂ ಹಂಚಿಕೊಳ್ಳುತ್ತಾರೆ. ಇಂಥ ಕಡೆ ಹಂಚಿಕೊಳ್ಳದೇ ಇರುವುದೇ ತಪ್ಪು ಅಂತ ನನಗನ್ನಿಸುತ್ತದೆ. ಆದರೆ 35 ನಿಮಿಷದ ದಾರಿ 50 ಆಯಿತು, ಮೊದಲ ಎರಡು ವಾರ ಅವನು ದಿನಾ ಅತ್ತ. ಅದಕ್ಕೇ ಎಷ್ಟು ನಿಮಿಷಕ್ಕಿಂತ ಜಾಸ್ತಿ ಕೂರಿಸಬಾರದು ಅಂತ ಐಇಪಿಯಲ್ಲಿ (ವಿಶೇಷ ಅಗತ್ಯದ ಮಗುವಿಗೆ ಶಾಲೆಯವರು ಬರೆದುಕೊಡುವ ಯೋಜನೆ) ಬರೆಸಿಕೊಂಡೆವು.

ಬೋರ್ಡ್‌ಮೀಟಿಂಗ್‌ಗೆಹೋಗುವವ
ಅಕ್ಕ, ಬಸ್ ಯಾರದೇ ಇರಲಿ, ಮಗಳ ಹಕ್ಕು ಹೋಗುವುದಿಲ್ಲ. ನ್ಯೂಜೆರ್ಸಿ ಕಾನೂನಿನಲ್ಲಿ ಎಂಟನೇ ಕ್ಲಾಸಿನವರೆಗೆ ಮನೆ ಶಾಲೆಯಿಂದ 2 ಮೈಲಿಗಿಂತ ದೂರ ಇದ್ದರೆ, ಹೈಸ್ಕೂಲಿಗೆ 2.5 ಮೈಲಿಗಿಂತ ದೂರ ಇದ್ದರೆ, ಡಿಸ್ಟ್ರಿಕ್ಟ್ ಸಾರಿಗೆ ಕೊಡಲೇಬೇಕು. ಅದಕ್ಕಿಂತ ಹತ್ತಿರ ಇದ್ದವರಿಗೆ ಕೊಡುವುದು ಕರ್ಟಸಿ ಬಸ್ಸಿಂಗ್, ಅಂದರೆ ಕಾನೂನಿನ ಕಡ್ಡಾಯ ಇಲ್ಲದ್ದು, ಕತ್ತರಿ ಬೀಳುವುದು ಅದಕ್ಕೇ. ನಿಮ್ಮ ಮನೆ ಎಷ್ಟು ದೂರ ಅಂತ ಈಗಲೇ ನೋಡಿಕೊಳ್ಳಿ. ಶಾಲೆಗೆ ದುಡ್ಡು ಬರುವ ಆಸ್ತಿ ತೆರಿಗೆಯ ಸಂಗ್ರಹವನ್ನು ವರ್ಷಕ್ಕೆ 2 ಪರ್ಸೆಂಟ್‌ಗಿಂತ ಜಾಸ್ತಿ ಏರಿಸುವುದಕ್ಕೆ ಸಾಮಾನ್ಯವಾಗಿ ಆಗುವುದಿಲ್ಲವಲ್ಲ, ಹಾಗಾಗಿ ಸ್ಕೂಲ್ ಬೋರ್ಡ್‌ನವರು ಬಸ್ಸಿನ ಖರ್ಚಿನ ಕಡೆ ಕೈ ಹಾಕುತ್ತಾರೆ.

ರಜಾ ಪಟ್ಟಿ ಮರೆಯಬೇಡಿ! ಎಡಿಸನ್ ತರಹದ ಊರುಗಳಲ್ಲಿ ದೀಪಾವಳಿಗೆ ಶಾಲೆಗೆ ರಜೆ, ಎಲ್ಲ ಕಡೆ ಇಲ್ಲ. ಬಸ್ ಕೊಡುವ ಊರಿಗೆ ರಜೆ, ನಿಮಗೆ ಇಲ್ಲ ಅಂದರೆ ಆ ದಿನ ಬಸ್ ಯಾರು ಕಳಿಸುತ್ತಾರೆ? ಹಿಮ ಬಿದ್ದ ದಿನ ಅವರು ಎರಡು ಗಂಟೆ ತಡ ಅಂತ ಘೋಷಿಸಿ ನಿಮ್ಮವರು ಮಾಡದಿದ್ದರೆ? ಬಸ್ ಬರಲಿಲ್ಲ ಅಂದರೆ ಫೋನ್ ಯಾವ ಊರಿಗೆ ಮಾಡಬೇಕು? ಇದೆಲ್ಲ ಒಪ್ಪಂದದಲ್ಲಿ ಬರೆದಿರಬೇಕು.

ಪುಟ್ಟಿಅಮ್ಮ_ಎನ್‌ಜೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮ್ಯಾಪಿನಲ್ಲಿ ಅಳೆದು ನೋಡಿದೆ, ನಮ್ಮ ಮನೆಯಿಂದ ಶಾಲೆಗೆ 1.8 ಮೈಲಿ. ಅಂದರೆ ನಮ್ಮದು ಕರ್ಟಸಿ ಬಸ್ಸು, ಇಷ್ಟು ದಿನ ಗೊತ್ತೇ ಇರಲಿಲ್ಲ. ನಡುವೆ ನಾಲ್ಕು ಲೇನಿನ ರಸ್ತೆ ಬೇರೆ ಇದೆ, ಫುಟ್‌ಪಾತ್ ಇಲ್ಲ. ಮಂಗಳವಾರ ಸಂಜೆ ಬೋರ್ಡ್ ಮೀಟಿಂಗ್ ಇದೆ. ಇದೇ ಬೀದಿಯ ಇನ್ನೂ ಮೂರು ಮನೆಯವರನ್ನು ಕರೆದುಕೊಂಡು ಹೋಗುತ್ತೇನೆ. ಆ ರಸ್ತೆಯ ಫೋಟೋನೂ ತೆಗೆದಿಟ್ಟುಕೊಂಡಿದ್ದೇನೆ. ಏನಾಯಿತು ಅಂತ ಬುಧವಾರ ಇಲ್ಲೇ ಬರೆಯುತ್ತೇನೆ.